ತೊಟ್ಟಿಲಲ್ಲಿ ಗುಂಡುಕಲ್ಲು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮಗಳ ಮದುವೆ ಮುಗಿಯಲಿ ಎಂದೆ, ಮುಗಿಯಿತು. ಹೆಂಡತಿಗೆ ನೋವಾಗುತ್ತದೆ ಎಂದೆ, ಅವಳೂ ಹೋದಳು. ಈಗ ಅಡ್ಡ ಬರುವವರು ಯಾರೂ ಇಲ್ಲ. ಆದರೂ ಹೋದ ವಾರ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿಯದೇ ಇದ್ದಿದ್ದರೆ ಇನ್ನೂ ಸುಮ್ಮನೆ ಇರುತ್ತಿದ್ದೆನೇನೋ...

ಮಗನ ಮಗಳು ಬಾಣಂತನಕ್ಕೆಂದು ಕೆ.ಆರ್. ನಗರದಿಂದ ಬಂದಿದ್ದಾಳೆ. ಅಂಗಡಿಯ ಡೈಪರ್ ಹಾಕಿ ಕೂಸಿನ ತೊಡೆಸಂದಿ ಕೆಂಪಗೆ ದದ್ದು ಎದ್ದಿತ್ತು. ಅದಕ್ಕೇ ಫೋನಿನಲ್ಲಿ ನೋಡಿ ತಾನೇ ಬಟ್ಟೆಯ ಡೈಪರ್ ಹೊಲಿಯುತ್ತಿದ್ದಳು. ನೋಡಲು ಚೆಂದ, ಆದರೆ ಕೂಸು ಒಂದು ಸಲ ಉಚ್ಚೆ ಹೊಯ್ದರೆ ಹಾಸಿಗೆಯೆಲ್ಲ ಒದ್ದೆ. ಹೊರಗಡೆಗೆ ಉಣ್ಣೆ ಹಾಕಿದರೆ ಸೋರುವುದಿಲ್ಲ ಎಂದು ಯಾರೋ ಹೇಳಿದರಂತೆ. ಅಟ್ಟದಿಂದ ಹಳೆಯ ಕಂಬಳಿ ಇಳಿಸಿ, ತುಂಡು ಕತ್ತರಿಸಿ, ತೊಳೆದು ನಡುಮನೆಯ ಗಳುವಿನ ಮೇಲೆ ಹರವಿದ್ದಳು. ನಾನು ಹೊರಗಿನಿಂದ ಬಂದೆ. ಕುರಿಯ ವಾಸನೆ, ಮಳೆಯ ವಾಸನೆ, ಒಳಗೆಲ್ಲೋ ಹೊಗೆಯ ವಾಸನೆ... ಗೋಡೆ ಹಿಡಿದು ಕೂತುಬಿಟ್ಟೆ.

ಗಾವಡಗೆರೆಯಲ್ಲಿ ಆಗ ನನ್ನದೊಂದು ಚಿಲ್ಲರೆ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದದೆ ಕೂತವನಿಗೆ ಅಪ್ಪ ಹಾಕಿಕೊಟ್ಟದ್ದು. ಅಂಗಡಿಯ ಹಿಂದೆಯೇ ನಮ್ಮ ಮನೆ. ಮಗ್ಗುಲ ಮನೆಯವರು ಹೊಗೆಸೊಪ್ಪಿನ ಲಾರಿ ಓಡಿಸುತ್ತಿದ್ದರು. ನನಗಿಂತ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ. ನಾನು ಹೇಳಹೊರಟಿರುವುದು ಆ ಅತ್ತಿಗೆಯ ವಿಷಯ.

ಮದುವೆಯಾಗಿ ಬಹಳ ಕಾಲದ ಮೇಲೆ ಅವರಿಗೊಂದು ಗಂಡುಮಗು ಆಗಿತ್ತು. ಆಷಾಢದ ಗಾಳಿಮಳೆಯಲ್ಲಿ ಅದಕ್ಕೆ ಎದೆ ಕಟ್ಟಿ ತೀರಿಹೋಯಿತು. ಅತ್ತಿಗೆ ಎದ್ದು ನೋಡುವ ಹೊತ್ತಿಗೆ ತೊಟ್ಟಿಲ ಬಟ್ಟೆಯೆಲ್ಲ ಒದ್ದೆ, ಮಗು ತಣ್ಣಗೆ. ಆಸ್ಪತ್ರೆಯವರು ಬೇರೆ ಕಾಯಿಲೆ ಹೇಳಿದ್ದರು. ಆದರೆ ಅವರ ಅತ್ತೆ ಅಂಗಳದಲ್ಲಿ ಎದೆ ಬಡಿದುಕೊಂಡು, "ಉಚ್ಚೇಲಿ ನೆನಸಿ ನನ್ ಮೊಮ್ಮಗನ್ನ ಕೊಂದ್ಬುಟ್ಟಳಲ್ಲಪ್ಪೋ" ಎಂದು ಅತ್ತರು. ಬೀದಿಯಲ್ಲಿ ಉಳಿದದ್ದು ಆ ಮಾತು. ಮುದುಕಿ ಚಿಕ್ಕ ಮಗನ ಮನೆಗೆ ಹೊರಟುಹೋದರು. ಗಂಡ ಲಾರಿಯ ಜೊತೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅತ್ತಿಗೆ ಒಬ್ಬರೇ ಉಳಿದರು.

ಕೆಲವು ತಿಂಗಳಾದ ಮೇಲೆ, ಕೂಸಿಲ್ಲದ ಆ ಮನೆಯ ಹಿತ್ತಿಲ ಹಗ್ಗದ ಮೇಲೆ ಕೂಸಿನ ಬಟ್ಟೆಗಳು ಕಾಣಿಸತೊಡಗಿದವು. ಒಂದೆರಡಲ್ಲ, ಹಗ್ಗದ ತುಂಬ. ದಿನವೂ ತೊಳೆದು ಹಾಕುತ್ತಿದ್ದರು, ದಿನವೂ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಕಡೆ ಕೂಸಿನ ಬಟ್ಟೆಯನ್ನು ದೀಪ ಹಚ್ಚುವ ಹೊತ್ತು ಮೀರಿ ಹೊರಗೆ ಬಿಡುವುದಿಲ್ಲ, ಗಾಳಿ ಸೋಕುತ್ತದೆ ಎನ್ನುತ್ತಾರೆ. ಅತ್ತಿಗೆಯ ಹಗ್ಗದ ಮೇಲೆ ಕತ್ತಲಾದರೂ ಅವು ಅಲ್ಲಾಡುತ್ತಿದ್ದವು. ಯಾವ ಕೂಸಿಗೆ ಸೋಕೀತೆಂದು ಒಳಗೆ ತರಬೇಕು? ಆ ಕಡೆ ನೋಡದಂತೆ ನಾನು ನಮ್ಮ ಹಿತ್ತಿಲ ಬಾಗಿಲು ಮುಂದಕ್ಕೆ ಹಾಕುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ನನ್ನ ಹೆಂಡತಿಗೆ ತಾಯಿ ಇರಲಿಲ್ಲವಾಗಿ ಬಾಣಂತನ ನಮ್ಮಲ್ಲೇ. ಬಿಸಿಲೇ ಇಲ್ಲ, ಬಟ್ಟೆ ಒಣಗುವುದಿಲ್ಲ. ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಹರವಿ ಒಣಗಿಸುತ್ತಿದ್ದೆವು. ಕೂಸು ಗಳಿಗೆಗೊಮ್ಮೆ ಒದ್ದೆಯಾಗಿ ಕಿರುಚುತ್ತಿತ್ತು. ಆಗ ಅತ್ತಿಗೆ ಒಂದು ಗಂಟು ಬಟ್ಟೆ ಹಿಡಿದು ಬಂದರು. ಬಾಣಂತಿ ಕೋಣೆಯ ಹೊಸ್ತಿಲಾಚೆಯೇ ಕೂತು ಹೆಂಡತಿಗೆ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು.

"ಹೊಸ ಬಟ್ಟೆ ಬ್ಯಾಡ ಕಣವ್ವ. ಅದ್ಕೆ ಇನ್ನೂ ನೀರು ಕುಡಿಯಾಕೆ ಬರಾಕಿಲ್ಲ, ಮ್ಯಾಲೆ ಮ್ಯಾಲೆ ಜಾರ್ತದೆ. ಒಗ್ದು ಒಗ್ದು ಸವ್ದಿರೋ ಪಂಚೆನೇ ಆಗ್ಬೇಕು. ಸೋಪು ಉಳ್ಕಂಡ್ರೂ ಕುಡಿಯಾಕಿಲ್ಲ, ಬಿಸ್ನೀರಲ್ಲಿ ಚೆನ್ನಾಗಿ ಜಾಲಿಸು."

ಅವರು ಮಾಡಿದ್ದು ಹೀಗೆ. ಮೈಗೆ ತಾಗುವ ಕಡೆ ಹಳೆಯ ನೂಲಿನ ಸೀರೆ. ನಡುವೆ ಪಂಚೆ, ಟವೆಲಿನ ಪಟ್ಟಿ. ಪಟ್ಟಿಯನ್ನು ಹೊಲಿದುಬಿಟ್ಟಿರಲಿಲ್ಲ, ಜೇಬಿನಂತೆ ಒಂದು ಕಡೆ ಬಿಟ್ಟು ಅದರೊಳಗೆ ತೂರಿಸಿದ್ದರು. ಬಿಡಿಸಿ ಹಾಕಿದರೆ ಮಳೆಯಲ್ಲೂ ಬೇಗ ಆರುತ್ತಿತ್ತು. ಪಟ್ಟಿಯ ದಪ್ಪ ಭಾಗ ಹೆಣ್ಣುಕೂಸಿಗೆ ನಡುವಿನಿಂದ ಹಿಂದಕ್ಕೆ, ಗಂಡುಕೂಸಿಗೆ ಮುಂದಕ್ಕೆ. ಎಲ್ಲಕ್ಕಿಂತ ಹೊರಗೆ, ಮೈಗೆ ಎಲ್ಲೂ ತಾಗದ ಹಾಗೆ, ಸೀಗೆಕಾಯಿಯಲ್ಲಿ ತೊಳೆದು ಮೆತ್ತಗೆ ಮಾಡಿದ ಕಂಬಳಿ ತುಂಡು. ತೊಡೆಯ ಹತ್ತಿರ ಅಂಚನ್ನು ಒಳಕ್ಕೆ ಮಡಿಸಿ ಲಾಡಿ ಎಳೆದಿದ್ದರು.

ಅವತ್ತಿನಿಂದ ಮಗಳು ಅಳುವುದು ನಿಂತಿತು. ಬೆಳಿಗ್ಗೆ ನಾನು ತೊಟ್ಟಿಲ ಹಾಸಿಗೆಯ ಕೆಳಗೆ ಕೈಯಿಟ್ಟೆ. ಒಣಗಿತ್ತು. ಮಾರನೆಯ ಬೆಳಿಗ್ಗೆಯೂ ಒಣಗಿತ್ತು. ಸಂತೋಷಪಡಬೇಕಾದವನು ನಾನು. ಆದರೆ ಅಷ್ಟು ನಿಶ್ಶಬ್ದವಾಗಿ ಮಲಗಿದ ಕೂಸನ್ನು ನೋಡಿದರೆ ನನಗೆ ಪಕ್ಕದ ಮನೆಯ ಕೂಸೇ ಕಣ್ಣಿಗೆ ಬರುತ್ತಿತ್ತು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

ಒಂದು ಸಂಜೆ ಅತ್ತಿಗೆಯ ಪಾತ್ರೆಯೊಂದನ್ನು ಹಿಂದಕ್ಕೆ ಕೊಡಲು ಹೋದೆ. ಕರೆಂಟು ಹೋಗಿತ್ತು. ಹಿತ್ತಿಲಿನಿಂದ ಹೋದವನು ಕಿಟಕಿಯ ಹತ್ತಿರ ನಿಂತೆ. ಒಳಗೆ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ತೊಲೆಯಿಂದ ತೊಟ್ಟಿಲು ಇಳಿಬಿದ್ದಿತ್ತು, ತೂಗುತ್ತಿತ್ತು. ಅದರಲ್ಲಿ ಏನೋ ಮಲಗಿತ್ತು, ಸೊಂಟಕ್ಕೆ ಬಟ್ಟೆ ಕಟ್ಟಿತ್ತು. ಅತ್ತಿಗೆ ಬಗ್ಗಿ, "ಸೋರ್ಬ್ಯಾಡ ಕಣವ್ವ... ಇವತ್ತೊಂದಿನ ಸೋರ್ಬ್ಯಾಡ" ಎನ್ನುತ್ತಿದ್ದರು. ಆಮೇಲೆ ಅದನ್ನು ಎರಡು ಕೈಯಲ್ಲೂ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಕಪ್ಪಗೆ ಮಿರಿಮಿರಿ ಹೊಳೆಯಿತು. ಒರಳಿನ ಗುಂಡುಕಲ್ಲು! ತೊಟ್ಟಿಲೊಳಗೆ ಬೂದಿ ಹರಡಿತ್ತು. ಬುಡ್ಡಿ ಹಿಡಿದು ಆ ಬೂದಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ನಮ್ಮಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನೇ ಹಾಕುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಅಂತ. ಶಾಸ್ತ್ರ ಮುಗಿದ ಕೂಡಲೇ ಅದನ್ನು ತೆಗೆದುಬಿಡುತ್ತಾರೆ. ಕೂಸಿಲ್ಲದ ಮನೆಯ ತೊಟ್ಟಿಲಿನಲ್ಲಿ ಕಲ್ಲು ಮಲಗಿಸಿ ತೂಗಿದ್ದನ್ನು ಯಾರೂ ಕಂಡಿಲ್ಲ. ನಾನು ಪಾತ್ರೆಯನ್ನು ಅಲ್ಲೇ ಇಟ್ಟು ಓಡಿದೆ.

ಬೆಳಿಗ್ಗೆ ಅಂಗಡಿಯ ಮುಂದೆ ಮಾಮೂಲಿ ಜನ ಇದ್ದರು. ಹಿಟ್ಟಿನ ಗಿರಣಿಯವನು ಬೀಡಿ ಹಚ್ಚುತ್ತಾ, "ಏನ್ಲಾ, ಮಖ ಇಂಗಾಗೈತೆ?" ಎಂದ. ಕಂಡದ್ದನ್ನು ಹೇಳಿದೆ. ಅವನು ಕೆಮ್ಮುವಷ್ಟು ನಕ್ಕ.

"ಕಲ್ಲಿಗೆ ಲಂಗೋಟಿಯಾ? ಬುಡ್ಲಾ ಅತ್ಲಾಗೆ! ಕೂಸು ಉಟ್ಟಿ ನಿದ್ದೆಗೆಟ್ಟು ನಿನ್ ಕಣ್ಣು ಮಂಜಾಗವೆ."

ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. "ಕಾಲಾಡಿಸ್ತು ಕಣ್ಲಾ," ಎಂದೆ. "ಆ ಕಲ್ಲು ಕಾಲಾಡಿಸ್ತು. ಕಣ್ಣಾರೆ ಕಂಡೆ. ಅವ್ರು ಬರೀ ಅತ್ತಿಗೆ ಅಲ್ಲ, ಕಲ್ಲುಕೂಸಿನಮ್ಮ."

ಯಾರೂ ನಗಲಿಲ್ಲ. ಬೀಡಿ ಅವನ ಬೆರಳಲ್ಲೇ ಆರಿಹೋಯಿತು. ನಾನು ನೋಡದೆ ಇದ್ದದ್ದು ಅದೊಂದೇ, ಊರು ನಂಬಿದ್ದೂ ಅದೊಂದನ್ನೇ.

ಮನೆಗೆ ಬಂದು ಮಗಳ ಬಟ್ಟೆಗಳನ್ನೆಲ್ಲ ಬಾಚಿ ಬಚ್ಚಲ ಹಂಡೆಯೊಲೆಗೆ ತುರುಕಿದೆ. ಪಂಚೆ, ಸೀರೆ ಉರಿದವು. ಕಂಬಳಿ ಉರಿಯಲಿಲ್ಲ. ಕೂದಲು ಸುಟ್ಟ ವಾಸನೆ ಬಿಟ್ಟು ಮುದುಡಿಕೊಂಡು ಆರಿಹೋಗುತ್ತಿತ್ತು. ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದೆ, ಮತ್ತೆ ಆರುತ್ತಿತ್ತು... ಹೆಂಡತಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಎಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಕೂಸಿನ ಮ್ಯಾಲೆ ಪರೀಕ್ಸೆ ಮಾಡಾಕಾಯ್ತದೇನ್ರೀ? ಅದ್ಕೇ ಕಲ್ಲಿಗೆ ಕಟ್ಟಿ ಚೊಂಬಲ್ಲಿ ನೀರುಯ್ದು ತೂಗಿ ನೋಡ್ತಾರೆ. ಕೆಳೀಕೆ ಬೂದಿ ಆಕಿದ್ರೆ ಎಲ್ಲಿ ಸೋರ್ತು ಅಂತ ಕಪ್ಪಗೆ ಕಾಣ್ತದೆ. ನಂಗೇ ಏಳವ್ರೆ. ಅವ್ರ ಕೂಸು ಅಂಗೆ ತೀರೋದ್ಮ್ಯಾಕೆ ಇನ್ಯಾರ ಕೂಸೂ ಒದ್ದೇಲಿ ಮಲಗ್ಬಾರ್ದು ಅಂತ ಮಾಡ್ತಾ ಅವ್ರೆ. ನೀವು ಓಗಿ ಅಂಗ್ಡೀಲಿ ಏನಂದ್ರಿ?"

ಏನೂ ಇಲ್ಲ ಎಂದೆ. ಅದೇ ಹೊತ್ತಿಗೆ ಬೀದಿಗೆ ಹೋಗಿ, ನಾನು ಹೇಳಿದ್ದು ಸುಳ್ಳು ಎಂದಿದ್ದರೆ ಸಾಕಿತ್ತು. ಗಿರಣಿಯವನು ಇನ್ನೊಂದು ಸಲ ನಗುತ್ತಿದ್ದ, ಅಷ್ಟೇ. ಆ ನಗುವಿಗೆ ಹೆದರಿದೆ.

ಬೀದಿಯ ಬಾಣಂತಿಯರು ಅತ್ತಿಗೆ ಕೊಟ್ಟ ಬಟ್ಟೆಗಳನ್ನು ತಂದು ಅವರ ಅಂಗಳಕ್ಕೆ ಎಸೆದರು. ಅವರು ಬಂದರೆ ತೊಟ್ಟಿಲಿಗೆ ಸೆರಗು ಮುಚ್ಚಿದರು. ಮಕ್ಕಳೂ ಕಲ್ಲುಕೂಸಿನಮ್ಮ ಎಂದು ಕೂಗಿದರು. ಅವರ ಗಂಡ ಲಾರಿ ನಿಲ್ಲಿಸಿ ಊರಿಗೆ ಬಂದಾಗ ಮನೆಗೆ ಹೋಗುವ ಮೊದಲೇ ಈ ಹೆಸರು ಕಿವಿಗೆ ಬಿತ್ತು. ನೇರ ನನ್ನ ಅಂಗಡಿಗೆ ಬಂದರು.

"ನೀನು ಕಣ್ಣಾರೆ ನೋಡ್ದಾ ತಮ್ಮ?"

"ನೋಡ್ದೆ ಅಣ್ಣ."

"ಕಾಲಾಡಿಸ್ತಾ?"

ಅವರು ನನ್ನ ಬಾಯಿಂದ ಇಲ್ಲ ಎನ್ನುವ ಮಾತು ಕೇಳಲೆಂದೇ ಬಂದಿದ್ದರು. ಅದು ಅವರ ಕಣ್ಣಲ್ಲಿ ಕಾಣುತ್ತಿತ್ತು. ಗಿರಣಿಯವನು ಕಟ್ಟೆಯ ಮೇಲೆ ಕೂತಿದ್ದ. ನಾನು ತಲೆಯಾಡಿಸಿದೆ, ಹೌದು ಅಂತ.

ಮಾರನೆಯ ಬೆಳಿಗ್ಗೆ ಅತ್ತಿಗೆ ಟ್ರಂಕು ಹಿಡಿದು ಹುಣಸೂರಿನ ಬಸ್ಸಿಗೆ ಹೊರಟರು, ತವರುಮನೆ ಹನಗೋಡಿಗೆ. ಗಂಡ ಮುಂದೆ ಮುಂದೆ ನಡೆಯುತ್ತಿದ್ದರು. ಅಂಗಡಿಯ ಮುಂದೆ ಅತ್ತಿಗೆ ನಿಂತರು. ನಾನು ತಕ್ಕಡಿಯ ಕಡೆ ಮುಖ ಮಾಡಿದೆ.

"ಕಂಬಳಿ ಬಟ್ಟೆನ ಬಿಸ್ಲಿಗೆ ಆಕ್ಬ್ಯಾಡ ಅನ್ನಪ್ಪ ನಿನ್ ಎಂಡ್ತಿಗೆ. ಗಟ್ಟಿಯಾಯ್ತದೆ. ನೆಳ್ಳಲ್ಲೇ ಆರ್ಬೇಕು," ಎಂದರು. ಅಷ್ಟೇ. ಟ್ರಂಕಿನ ಕೈ ಬದಲಿಸಿ ಗಂಡನ ಹಿಂದೆ ನಡೆದರು.

ಗಂಡ ಪಿರಿಯಾಪಟ್ಟಣದಲ್ಲಿ ಕೋಣೆ ಮಾಡಿಕೊಂಡರು. ಮನೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟಿದ್ದರು, ನನ್ನನ್ನು ನಂಬಿ! ಬೀಗ ಹಾಕಿದ ಆ ಮನೆಯಿಂದ ತೊಟ್ಟಿಲ ಹಗ್ಗ ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ಗಾಳಿ ಇರಬೇಕು. ಹೆಂಚಿನ ಮನೆ, ಸಂದುಗೊಂದಿನಲ್ಲಿ ಗಾಳಿ ಆಡುತ್ತದೆ... ಕೆಲವು ವಾರಗಳ ಮೇಲೆ ಪಾತ್ರೆಪಡಗ ಲಾರಿಗೆ ಹಾಕಿ ಕಳಿಸು ಎಂದು ಹೇಳಿಕಳಿಸಿದರು. ಮಧ್ಯಾಹ್ನವೇ ಹೋಗಿ ಬಾಗಿಲು ತೆಗೆದೆ.

ಗುಂಡುಕಲ್ಲು ತೊಟ್ಟಿಲಲ್ಲೇ ಇತ್ತು. ಸೊಂಟಕ್ಕೆ ಬಟ್ಟೆ, ಮೇಲೆ ಕಂಬಳಿ, ಲಾಡಿ ಬಿಗಿಯಾಗಿ ಕಟ್ಟಿತ್ತು. ಕಂಬಳಿ ಒಣಗಿತ್ತು. ಕೆಳಗಿನ ಬೂದಿ ಬೆಳ್ಳಗೆ, ಒಂದು ಚುಕ್ಕೆ ಕೂಡ ಇರಲಿಲ್ಲ. ಲಾಡಿ ಬಿಚ್ಚಿ ಒಳಗೆ ಕೈಯಿಟ್ಟೆ. ಪಂಚೆ ನೀರು ಕುಡಿದು ಭಾರವಾಗಿತ್ತು. ತಲೆಯೆತ್ತಿ ನೋಡಿದೆ, ಮೇಲಿನ ಹೆಂಚು ಒಂದೂ ಒಡೆದಿರಲಿಲ್ಲ. ಮಳೆಗಾಲದಲ್ಲಿ ಕಲ್ಲು ಬೆವರುತ್ತದೆ, ನನಗೂ ಗೊತ್ತು. ಆದರೆ ಕಲ್ಲಿನ ಬೆವರು ತಣ್ಣಗಿರುತ್ತದೆ. ಆ ಬಟ್ಟೆ ಬೆಚ್ಚಗಿತ್ತು.

ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಯಾರಿಗೆ ಹೇಳಲಿ? ಅಂಥ ಮಾತು ಒಂದು ಸಲ ಹೇಳಿ ಆಗಿತ್ತಲ್ಲ.

ಎಷ್ಟೋ ವರ್ಷದ ಮೇಲೆ ಹನಗೋಡಿಗೆ ಒಂದು ಸಾವಿಗೆ ಹೋಗಬೇಕಾಯಿತು. ಹೊಳೆ ಕಡೆಯ ಬೀದಿಯಲ್ಲಿ ಜಗುಲಿಯ ಮೇಲೆ ಅತ್ತಿಗೆ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಕೂಸೆತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು, ಇವರು ಅದರ ತೊಡೆಯ ಸುತ್ತಳತೆ ನೋಡುತ್ತಿದ್ದರು. ಯಾರೋ ನಿಂತಿದ್ದಾರೆಂದು ತಿಳಿದು ಹಣೆಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ... ಹೋಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿದೆ. ಮುಂದಿನ ವರ್ಷವೇ ತೀರಿಕೊಂಡರೆಂದು ಕೇಳಿದೆ. ಗಂಡ ಕೊನೆಯವರೆಗೂ ಅವರನ್ನು ಕರೆದುಕೊಂಡು ಬರಲಿಲ್ಲವಂತೆ.

ಈ ವಾರ ಮೊಮ್ಮಗಳ ಪಕ್ಕ ಕೂತು ನಾನೇ ಹೇಳಿಕೊಟ್ಟೆ. ಹೊಸ ಬಟ್ಟೆ ತೆಗೆದು ನನ್ನ ಹಳೆಯ ಪಂಚೆ ಹಾಕಿಸಿದೆ, ಪಟ್ಟಿಗೆ ಜೇಬು ಮಾಡಿಸಿದೆ, ತೊಡೆಯ ಅಂಚು ಒಳಕ್ಕೆ ಮಡಿಸುವುದನ್ನು ತೋರಿಸಿದೆ. ನಿನ್ನೆ ಕೂಸು ಒಣಗಿದ ಹಾಸಿಗೆಯಲ್ಲಿ ಬೆಳಗಿನವರೆಗೂ ಮಲಗಿತು.

"ತಾತ, ಇದ್ನೆಲ್ಲ ನಿಂಗೆ ಯಾರ್ ಕಲ್ಸಿದ್ದು? ಅಜ್ಜಿನಾ?" ಎಂದಳು.

"ಅಲ್ಲ ಕಣವ್ವ. ಮಗ್ಗುಲ ಮನೇಲಿ ಒಬ್ರಿದ್ರು."

"ಏನವ್ರ ಹೆಸ್ರು?"

ನಾಲಿಗೆಯ ತುದಿಗೆ ಮೊದಲು ಬಂದದ್ದು ಆ ಇನ್ನೊಂದು ಹೆಸರೇ. ಇಷ್ಟು ವರ್ಷವಾದ ಮೇಲೂ ಅದೇ. ನನಗೆ ನನ್ನ ಬಾಯಿಯ ಮೇಲೇ ಹೇಸಿಗೆಯಾಯಿತು. ಮೊಮ್ಮಗಳು ಸೂಜಿ ಹಿಡಿದು ಕಾಯುತ್ತಿದ್ದಳು. ಆಗ ಹೇಳಿದೆ, ಇಲ್ಲಿಯೂ ಬರೆಯುತ್ತೇನೆ. ಅವರ ಮುಂದೆ ನಿಂತು ತಪ್ಪಾಯಿತು ಎನ್ನಲು ನನ್ನಿಂದ ಆಗಲಿಲ್ಲ. ಇನ್ನು ಆಗುವುದೂ ಇಲ್ಲ. ಅವರ ಹೆಸರು ಚನ್ನಾಜಮ್ಮ.