ಬೀಗದ ಕೋಣೆಯ ಸಾಹೇಬರು

ಕನ್ನಡಕ ಜಾರಿದರೆ ಸಾಹೇಬರು ಕೈ ಎತ್ತುತ್ತಿರಲಿಲ್ಲ. ಮೂಗನ್ನೇ ಮೊಲದಂತೆ ಕುಣಿಸಿ ಅದನ್ನು ಮೇಲಕ್ಕೇರಿಸುತ್ತಿದ್ದರು. ಆ ಕುಣಿತ ಕಲಿಯಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಕಲಿತ ಮೇಲೆ ಬಿಡಲಾಗಲಿಲ್ಲ. ನಿಗಡಿ ಎಂಬ ಊರಿಗೆ ಹೆಣ್ಣು ನೋಡಲು ಹೋದಲ್ಲೂ ಕುಣಿಸಿಬಿಟ್ಟೆ. ಸಂಬಂಧ ಕುದುರಲಿಲ್ಲ.

ತೊಂಬತ್ತರ ದಶಕದಲ್ಲಿ ಪುಣೆಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅವರು ವಿಕಿರಣ ಸುರಕ್ಷತೆಯ ಅಧಿಕಾರಿ. ನಾನು ಟೆಲಿಫೋನ್ ಆಪರೇಟರ್. ಅವರು ಧಾರವಾಡದವರು, ನಾನು ಬೆಳಗಾವಿಯವನು. ಹಿಂದಿನ ಕೋಣೆಯಲ್ಲಿ ಹಳೆಯ ಚಿಕಿತ್ಸಾ ಯಂತ್ರವೊಂದು ಬೀಗದೊಳಗಿತ್ತು. ಅದರ ಹೊಟ್ಟೆಯಲ್ಲಿ ವಿಕಿರಣ ಸೂಸುವ ಕೋಬಾಲ್ಟ್ ರೋಗಿಗಳಿಗೆ ಸಾಲದಷ್ಟು ಸೊರಗಿತ್ತು. ಆದರೆ ಸೀಸದ ಕವಚ ಒಡೆದವರನ್ನು ಕೊಲ್ಲುವಷ್ಟು ಕಸುವು ಇನ್ನೂ ಇತ್ತು. ಅದನ್ನು ಸರ್ಕಾರಿ ಭಂಡಾರಕ್ಕೆ ಒಯ್ಯುವ ಗಾಡಿ ಇವತ್ತು, ನಾಳೆ ಎನ್ನುತ್ತಲೇ ವರ್ಷಗಳು ಕಳೆದಿದ್ದವು. ತಾವಿಲ್ಲದಾಗ ಯಾರಾದರೂ ಬರೀ ಕಬ್ಬಿಣವೆಂದು ಗುಜರಿಗೆ ಹಾಕಿಯಾರು ಎಂಬುದೇ ಅವರ ಹೆದರಿಕೆ. ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಾರೆಂದು ಅವರ ಹೆಂಡತಿ, ಚಿಕ್ಕಮ್ಮ ಎಂಬಂತೆ ನಾನು ಕಾಕು ಎನ್ನುತ್ತಿದ್ದವರು, ಹೇಳುತ್ತಿದ್ದರು.

ಹಾಗಾಗಿ ಹೊಸದಾಗಿ ಬಂದವರು ಡಾಕ್ಟರಿರಲಿ, ಅಡಿಗೆಯವರಿರಲಿ, ಆ ಬಾಗಿಲ ಮುಂದೆ ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನಾನೂ ಒಪ್ಪಿಸಿದ್ದೆ.

“ಒಳಗ ಏನದ?”

“ಕೋಬಾಲ್ಟ್ ರೀ.”

“ಸತ್ತದೇನು?”

“ಮುದುಕಾಗ್ಯದ ರೀ, ಸತ್ತಿಲ್ಲ.”

ಮೂಗು ಕುಣಿದರೆ ಪಾಸು.

ಕ್ಯಾಂಟೀನಿನಲ್ಲಿ ನಾನಿದನ್ನು ಮರಾಠಿಯಲ್ಲಿ ಆಡಿ ತೋರಿಸುತ್ತಿದ್ದೆ. ನಾನು ಮೂಗು ಕುಣಿಸಿ ಸತ್ತದೇನು ಎಂದು ಕೇಳಿದ್ದೇ ತಡ, ಎಲ್ಲರೂ ತಾಟು ಬಡಿದು “ಮ್ಹಾತಾರಾ ಝಾಲಾಯ, ಮೇಲಾ ನಾಹಿ!”, ಅಂದರೆ ಮುದುಕಾಗ್ಯದ, ಸತ್ತಿಲ್ಲ, ಎನ್ನುತ್ತಿದ್ದರು. ಸಾಹೇಬರ ಪಾಠ ಮರೆತವರಿಗೂ ನನ್ನ ನಕಲು ಬಾಯಿಪಾಠವಾಗಿತ್ತು.

ಒಮ್ಮೆ ಅವರು ತಂಗಿಯ ಮಗಳ ಮದುವೆಗೆಂದು ಕಾತ್ರಜದಲ್ಲಿ ಊರಿನ ಬಸ್ಸು ಹತ್ತಿದರು. ಇತ್ತ ಪಾಠ ಇನ್ನೂ ಒಪ್ಪಿಸಿರದ ಹೊಸ ಮ್ಯಾನೇಜರು ದೀಪಾವಳಿಯ ಸ್ವಚ್ಛತೆ ಹಚ್ಚಿದ. ಗುಜರಿಯವರು ಟೆಂಪೊ ತಂದು, ಬೀಗ ಒಡೆದು, ಗ್ಯಾಸ್ ಕಟರ್ ಹೊರತೆಗೆದರು. ಚಹಾದ ಹುಡುಗ ಕಂಡು ಕೂಗಿದ. ಇಡೀ ಕ್ಯಾಂಟೀನು ಸೌಟು, ತಾಟು ಹಿಡಿದೇ ಓಡಿಬಂತು. ಬಾಗಿಲಿಗೆ ಅಡ್ಡ ನಿಂತು ಒಂದೇ ದನಿಯಲ್ಲಿ “ಮೇಲಾ ನಾಹಿ! ಮೇಲಾ ನಾಹಿ!” ಎಂದು ಕಿರುಚಿತು. ಒಳಗೆ ದೆವ್ವವಿದೆಯೆಂದುಕೊಂಡು ಗುಜರಿಯವರು ಟೆಂಪೊ ಹತ್ತಿದರು. ದೆವ್ವವಲ್ಲ, ಏನೆಂದು ನಾನು ವಿವರಿಸಿದ ಮೇಲೆ ಮ್ಯಾನೇಜರು ಅವರಿಗಿಂತ ಜೋರಾಗಿ ಓಡಿದ.

ಸಾಹೇಬರು ಮರಳಿದವರೇ ನನ್ನನ್ನು ಕರೆಸಿದರು. ನೌಕರಿ ಹೋಯಿತೆಂದುಕೊಂಡೆ.

“ನನ್ನ ನಕಲು ಮಾಡ್ತೀಯಂತ. ಮಾಡಿ ತೋರಸು.”

ಮಾಡಿ ತೋರಿಸಿದೆ. ಗಂಭೀರವಾಗಿ ನೋಡಿದರು.

“ಮೂಗು ಇನ್ನೂ ಒಂದೀಟು ಮ್ಯಾಲ ಹೋಗಬೇಕಲೇ. ಗಾಡಿ ಬರೂತನಕ ದಿನಾ ಮಾಡು.”

ಮಾಡಿದೆ. ಕೊನೆಗೂ ಗಾಡಿ ಬಂತು. ಅದು ಗೇಟು ದಾಟಿದಾಗ ಅವರು ಕ್ಯಾಂಟೀನಿನ ಬೆಂಚಿನ ಮೇಲೆ ಕುಸಿದು ಕುಳಿತು, “ಹೋತಲೇ. ಇನ್ನ ಭಂಡಾರದವರು ಕಾಯ್ತಾರ” ಎಂದರು. ಕನ್ನಡಕವನ್ನು ನಾನು ಕಂಡಂತೆ ಮೊದಲ ಸಲ ಕೈಯಿಂದ ತೆಗೆದು ಒರೆಸಿಕೊಂಡರು. ಆವತ್ತಿನಿಂದ ನಿದ್ದೆಯ ಬಡಬಡಿಕೆ ನಿಂತಿತಂತೆ.

ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ ಅವರು ಮಲಗಿದಲ್ಲೇ ತೀರಿಕೊಂಡರು. ಹದಿಮೂರನೆಯ ದಿನ ಊಟವಾದ ಮೇಲೆ ಕಾಕು ನನ್ನನ್ನು ಹತ್ತಿರ ಕೂರಿಸಿಕೊಂಡರು.

“ಒಮ್ಮೆ ಅವರಗತೆ ಆ ಪಾಠ ಕೇಳಪಾ.”

ಮೂಗು ಕುಣಿಸಲು ನೋಡಿದೆ, ಆಗಲಿಲ್ಲ. ದನಿಯಷ್ಟೇ ಹೊರಟಿತು. “ಒಳಗ ಏನದ?”

ಕಾಕು ಕಣ್ಣು ಮುಚ್ಚಿ ನಕ್ಕರು.

“ಏನೂ ಇಲ್ರೀ. ಗಾಡಿ ಬಂದು ಒಯ್ದದ. ಆರಾಮ ಮಲಕೋರಿ.”