ಜಲಜಾ ಬರೆದ ಒಂದು ಇಸವಿ

ಟೋಕಿಯೋದ ಫುನಾಬೊರಿಯಲ್ಲಿ, ಸ್ಟೇಷನ್ನಿನಿಂದ ಎಂಟು ನಿಮಿಷ ನಡೆದರೆ ಸಿಗುವ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ ಜಲಜಾ ಒಂಬತ್ತು ವರ್ಷದಿಂದ ಸಂಸಾರ ನಡೆಸುತ್ತಿದ್ದಳು. ಗಂಡ ಗಿರಿಧರ್ ಬೆಂಗಳೂರಿನ ಕಂಪನಿಯೊಂದು ಜಪಾನಿಗೆ ಕಳಿಸಿದ್ದ ಇಂಜಿನಿಯರ್. ಮಗಳು ಸಂಜನಾಗೆ ಹನ್ನೊಂದು ವರ್ಷ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಜಪಾನಿ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು. ಸುತ್ತಮುತ್ತಲಿನ ಇಂಡಿಯನ್ ಮನೆಗಳವರಿಗೆ ಜಲಜಾ ಎಂದರೆ ಕರೆದರೆ ಬರುವ, ಬಂದು ಕೂತರೆ ಹೆಚ್ಚು ಮಾತಾಡದ ಹೆಂಗಸು. ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಅವಳು ಹದಿಮೂರು ವರ್ಷ ಕ್ಯಾಟಲಾಗ್ ಮಾಡಿದವಳೆಂದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆ ಕೆಲಸದಲ್ಲಿ ಅವಳಿಗೊಂದು ಹೆಮ್ಮೆಯಿತ್ತು. ಒಂದೇ ಹೆಸರಿನ ಇಬ್ಬರು ಲೇಖಕರಿದ್ದರೆ ಒಬ್ಬರ ಪುಸ್ತಕ ಇನ್ನೊಬ್ಬರ ಲೆಕ್ಕಕ್ಕೆ ಹೋಗಲು ಅವಳು ಬಿಡುತ್ತಿರಲಿಲ್ಲ. ಹುಟ್ಟಿದ ಇಸವಿ, ಊರು, ಓದಿದ ಕಾಲೇಜು, ಎಲ್ಲವನ್ನೂ ಕೆದಕಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿದ ಮೇಲೇ ಕಾರ್ಡು ಡ್ರಾಯರಿಗೆ ಹೋಗುತ್ತಿತ್ತು. ಜಪಾನಿಗೆ ಬಂದಮೇಲೆ ಭಾಷೆ ಬರದೆ, ವೀಸಾದ ಕಟ್ಟುಪಾಡೂ ಸೇರಿ, ಆ ವಿದ್ಯೆ ಮೂಲೆಗೆ ಬಿತ್ತು.

ಎರಡು ಸಾವಿರದ ಇಪ್ಪತ್ತರಲ್ಲಿ ಕೊರೋನಾ ಬಂದು ಮೂವರೂ ಮನೆಯಲ್ಲೇ ಉಳಿದಾಗ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್‌ನೆಟ್ ವಿಶ್ವಕೋಶವೊಂದು ಅವಳ ಕಣ್ಣಿಗೆ ಬಿತ್ತು. ಅದರಲ್ಲಿ ಒಂದೊಂದು ಮನೆತನದ ಹೆಸರಿಗೂ ಒಂದೊಂದು ಪುಟ. ಆ ಹೆಸರಿನ ಗಣ್ಯರೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತಾರೆ, ಹುಟ್ಟಿದ ಮತ್ತು ತೀರಿಕೊಂಡ ಇಸವಿಗಳ ಸಮೇತ. ಜಲಜಾಗೆ ಕಳೆದುಹೋದ ಡ್ರಾಯರೇ ವಾಪಸ್ ಸಿಕ್ಕಂತಾಯಿತು. ಪಾಮರ್ ಎಂಬ ಇಂಗ್ಲಿಷ್ ಮನೆತನದ ಪುಟವನ್ನು ಅವಳು ವಹಿಸಿಕೊಂಡಳು. ಗಿರಿಧರ್ ಇಣುಕಿ ನೋಡಿ, ಇಷ್ಟೊಂದು ಪಂಡಿತರನ್ನು ಪಾಮರರ ಪಟ್ಟಿಗೆ ಸೇರಿಸಿದ್ದೀಯಲ್ಲ ಎಂದು ನಕ್ಕ. ಅವಳೂ ನಕ್ಕಳು. ದಿನಾ ಮಧ್ಯಾಹ್ನ ಎರಡು ಗಂಟೆ ಅದಕ್ಕೇ ಮೀಸಲಾಯಿತು.

ಮರುವರ್ಷದ ಜನವರಿಯಲ್ಲಿ ಒಂದು ದಿನ ಸುದ್ದಿಯ ತಲೆಬರಹವೊಂದು ಕಂಡಿತು: ಲಯನಲ್ ಪಾಮರ್, ಎಪ್ಪತ್ತೊಂಬತ್ತು, ಇಂಗ್ಲೆಂಡಿನಲ್ಲಿ ಕೋವಿಡ್‌ಗೆ ಬಲಿ. ಪೂರ್ತಿ ಓದಲು ಆ ಪತ್ರಿಕೆಗೆ ಚಂದಾದಾರರಾಗಬೇಕಿತ್ತು. ಅವಳ ಪಟ್ಟಿಯಲ್ಲಿ ಲಯನಲ್ ಪಾಮರ್ ಎಂಬವನು ಒಬ್ಬನೇ ಇದ್ದ: ಮರದಚ್ಚಿನ ಚಿತ್ರ ಮಾಡುವ ಕಲಾವಿದ, ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತೊಂದರಲ್ಲಿ. ವಯಸ್ಸು ಸರಿಹೊಂದಿತು. ಪಕ್ಕದ ಕೋಣೆಯಲ್ಲಿ ಸಂಜನಾಳ ಆನ್‌ಲೈನ್ ಪಾಠ ಕೂಗುತ್ತಿತ್ತು, ಒಲೆಯ ಮೇಲೆ ಕುಕ್ಕರ್ ಇತ್ತು. ಜಲಜಾ ಅವನ ಹೆಸರಿನ ಮುಂದೆ ೨೦೨೧ ಎಂದು ಬರೆದಳು. ಅಯ್ಯೋ ಪಾಪ ಅಂದುಕೊಂಡು ಎದ್ದುಹೋದಳು.

ಮೂರು ವಾರ ಕಳೆಯಿತು. ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ವಿಶ್ವಕೋಶದಲ್ಲಿ ಅವಳ ಹೆಸರಿಗೆ ಒಂದು ಸಂದೇಶ ಬಂದಿತ್ತು. "ನಾನು ಲಯನಲ್ ಪಾಮರ್. ಕ್ಯೋಟೋದಲ್ಲಿದ್ದೇನೆ, ಸತ್ತಿಲ್ಲ. ನಾನು ಸತ್ತೆನೆಂದು ನನಗೆ ಹೇಳಿದವಳು ನನ್ನ ಅಕ್ಕ. ಅವಳು ಎಲ್ಲಿಂದ ತಿಳಿದುಕೊಂಡಳು ಎಂದು ಹುಡುಕಿದಾಗ, ಆ ಪುಟ ತಿದ್ದಿದವರ ಪಟ್ಟಿಯಲ್ಲಿ ನಿಮ್ಮ ಹೆಸರು ಸಿಕ್ಕಿತು."

ಜಲಜಾ ಅದನ್ನು ಮೂರು ಸಲ ಓದಿದಳು. ಅಕ್ಷರಗಳು ಕಾಣುತ್ತಿದ್ದವು, ಅರ್ಥ ಒಳಗೆ ಇಳಿಯುತ್ತಿರಲಿಲ್ಲ. ಅರ್ಥವಾದೊಡನೆ ಇಸವಿ ಅಳಿಸಿದಳು. ಮತ್ತೆ ಹುಡುಕಿದಾಗ ತಿಳಿಯಿತು, ತೀರಿಕೊಂಡ ಲಯನಲ್ ಪಾಮರ್ ಹಳೆಯ ಫುಟ್‌ಬಾಲ್ ಆಟಗಾರ. ಪಟ್ಟಿಗೆ ಸೇರದೇ ಉಳಿದಿದ್ದ ಎರಡನೆಯವನು. ಇಂಥ ಎರಡನೆಯವನನ್ನು ಹುಡುಕುವುದೇ ಹದಿಮೂರು ವರ್ಷ ಅವಳ ಕಸುಬಾಗಿತ್ತು.

ಕ್ಷಮೆ ಕೇಳಿ ಬರೆದಳು. ಉತ್ತರದಲ್ಲಿ ಲಯನಲ್ ನಡೆದದ್ದನ್ನೆಲ್ಲ ತಿಳಿಸಿದ. ಅಕ್ಕ ಎನಿಡ್‌ಗೆ ಎಂಬತ್ತನಾಲ್ಕು, ಇಂಗ್ಲೆಂಡಿನ ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದಳು. ಕೊರೋನಾದಿಂದಾಗಿ ಹನ್ನೊಂದು ತಿಂಗಳಿಂದ ಯಾರೂ ಅವಳನ್ನು ನೋಡುವಂತಿರಲಿಲ್ಲ. ತಮ್ಮನ ಕಾಗದಗಳು ಅಂಚೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದವು. ಕಾಗದ ಬಂತೇ ಎಂದು ಅವಳು ದಿನಾ ಕೇಳುವುದನ್ನು ನೋಡಲಾರದೆ, ಅಲ್ಲಿನ ನರ್ಸ್ ಒಬ್ಬಳು ಅವನ ಒಂದು ಚಿತ್ರವನ್ನಾದರೂ ತೋರಿಸೋಣವೆಂದು ಇಂಟರ್‌ನೆಟ್ಟಿನಲ್ಲಿ ಹೆಸರು ಹುಡುಕಿದಳು. ಸಿಕ್ಕಿದ್ದು ಸಾವಿನ ಇಸವಿ. ಕಾಗದಗಳಿಗೆ ಉತ್ತರ ಬರದೆ ಲಯನಲ್ ಫೋನ್ ಮಾಡಿದಾಗ ಎನಿಡ್, "ನನ್ನ ತಮ್ಮ ತೀರಿಹೋಗಿದ್ದಾನೆ, ಅವನ ಚಿತ್ರ ಹುಡುಕಲು ಹೋದ ನರ್ಸ್ ಇಂಟರ್‌ನೆಟ್ಟಿನಲ್ಲಿ ನೋಡಿದ್ದಾಳೆ. ಅವನ ದನಿ ಮಾಡಿಕೊಂಡು ಮುದುಕಿಗೆ ಮೋಸ ಮಾಡಬೇಡಿ" ಎಂದು ಫೋನ್ ಇಟ್ಟಳು. ಆಮೇಲೆ ಅಲ್ಲಿಯವರು ಅವನ ಕರೆಯನ್ನೇ ತೆಗೆದುಕೊಳ್ಳಲಿಲ್ಲ. ಅಂಥ ಮೋಸದ ಕರೆಗಳು ಆ ದಿನಗಳಲ್ಲಿ ಸುಮಾರು ಬರುತ್ತಿದ್ದವಂತೆ.

ಜಲಜಾ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟಳು. ಕತ್ತಲಾದರೂ ದೀಪ ಹಾಕಲಿಲ್ಲ. ಗಿರಿಧರ್ ಕೇಳಿ ಗಾಬರಿಯಾದರೂ ಸಮಾಧಾನ ಹೇಳಿದ. ತಿದ್ದಿಯಾಯಿತಲ್ಲ, ಕ್ಷಮೆ ಕೇಳಿಯಾಯಿತಲ್ಲ, ಇನ್ನು ಆ ಸೈಟ್ ಕಡೆ ಹೋಗಬೇಡ ಎಂದ.

"ಅಲ್ಲೊಬ್ಬಳು ಬದುಕಿರೋ ತಮ್ಮನಿಗೆ ಅಳ್ತಾ ಕೂತಿದಾಳೆ, ಗಿರಿ," ಎಂದಳು ಜಲಜಾ. "ಸೈಟ್‌ನಲ್ಲಿ ತಿದ್ದಿದ್ರೆ ಅವಳಿಗೇನು ಗೊತ್ತಾಗುತ್ತೆ?"

ಅವಳು ಆರೈಕೆಯ ಮನೆಯ ವಿಳಾಸ ಪಡೆದು ಮ್ಯಾನೇಜರಿಗೆ ತನ್ನ ತಪ್ಪನ್ನು ಪೂರ್ತಿ ವಿವರಿಸಿ ಬರೆದಳು. ತನ್ನ ಹೆಸರು, ವಿಳಾಸ, ಪಾಸ್‌ಪೋರ್ಟಿನ ಫೋಟೋ ಎಲ್ಲ ಕಳಿಸಿದಳು. ಭಾನುವಾರ ಬೆಳಿಗ್ಗೆ ವಿಡಿಯೋ ಕರೆಗೆ ಅವರು ಹತ್ತು ನಿಮಿಷ ಕೊಟ್ಟರು. ಲಯನಲ್ ಹತ್ತಿರ ಸ್ಮಾರ್ಟ್‌ಫೋನ್ ಇರಲಿಲ್ಲ. ಅವನ ಹಳೆಯ ಕಂಪ್ಯೂಟರಿಗೆ ಕ್ಯಾಮೆರಾ ಇರಲಿಲ್ಲ. ತುರ್ತುಸ್ಥಿತಿಯ ಹೊತ್ತು, ಅನಗತ್ಯ ಪ್ರಯಾಣ ಬೇಡವೆಂದು ಸರ್ಕಾರ ಹೇಳುತ್ತಲೇ ಇತ್ತು. ಜಲಜಾ ಎರಡು ಮಾಸ್ಕ್ ಹಾಕಿಕೊಂಡು ಕ್ಯೋಟೋದ ಕಡೆಯ ಶಿಂಕಾನ್ಸೆನ್ ವೇಗದ ರೈಲು ಹತ್ತಿದಳು. ಇಡೀ ಬೋಗಿಯಲ್ಲಿ ಇದ್ದದ್ದು ನಾಲ್ಕು ಜನ.

ಕ್ಯೋಟೋದ ಉತ್ತರದ ಓಣಿಯೊಂದರಲ್ಲಿ ಮರದ ಸಣ್ಣ ಮನೆ. ಬಾಗಿಲು ತೆಗೆದವನು ತೆಳ್ಳಗಿನ ಎತ್ತರದ ಮುದುಕ, ಬೆರಳಿಗೆಲ್ಲ ಮಸಿ. ಜಲಜಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ತಾನು ಸಾವು ಬರೆದ ಮನುಷ್ಯ ಎದುರಿಗೆ ಉಸಿರಾಡುತ್ತಾ ನಿಂತದ್ದು ಕಂಡು ಒಂದೂ ನೆನಪಾಗಲಿಲ್ಲ. ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದೂ ತೋಚದೆ "ಸುಮಿಮಾಸೆನ್" ಎಂದು ಜಪಾನಿಯಲ್ಲೇ ಕ್ಷಮೆ ಕೇಳಿ ಸೊಂಟದವರೆಗೆ ಬಗ್ಗಿದಳು, ಮೇಲೇಳಲಿಲ್ಲ. ಅವನು, ಚಳಿ ಇದೆ ಒಳಗೆ ಬನ್ನಿ ಎಂದ. ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ.

ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಸಂಜೆ ಆರು. ಜಲಜಾಳ ಫೋನಿನಲ್ಲಿ ಎನಿಡ್ ಕಂಡಳು: ಬಿಳಿ ಕೂದಲು, ಊದಿಕೊಂಡ ಕಣ್ಣು, ಪಕ್ಕದಲ್ಲಿ ಮಾಸ್ಕ್ ಹಾಕಿದ ನರ್ಸ್. ಲಯನಲ್ ಮಾತಾಡಿದ. ಎನಿಡ್ ಮುಖ ಗೋಡೆಗೆ ತಿರುಗಿಸಿದಳು. ಈಗ ಕಂಪ್ಯೂಟರಿನಲ್ಲಿ ಸುಳ್ಳು ಮುಖವನ್ನೂ ಮಾಡಿಕೊಡುತ್ತಾರಂತೆ, ಟಿ.ವಿ.ಯಲ್ಲಿ ನೋಡಿದ್ದೇನೆ ಎಂದಳು. ಹತ್ತರಲ್ಲಿ ನಾಲ್ಕು ನಿಮಿಷ ಹೀಗೇ ಹೋಯಿತು. ಲಯನಲ್‌ನ ದನಿ ಒಡೆಯತೊಡಗಿತು.

ಜಲಜಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಮಾಸ್ಕ್ ತೆಗೆದಳು. ತಾನು ಯಾರು, ಯಾವ ಸುದ್ದಿ ನೋಡಿದೆ, ಏನನ್ನು ಓದದೇ ಬಿಟ್ಟೆ, ಯಾರ ಹೆಸರಿನ ಮುಂದೆ ಏನು ಬರೆದೆ, ಒಂದೊಂದಾಗಿ ಹೇಳಿದಳು. "ನಿಮ್ಮ ತಮ್ಮನನ್ನು ಸಾಯಿಸಿದವಳು ನಾನು, ಅಮ್ಮಾ. ಅವರು ಬದುಕಿದ್ದಾರೆ. ನಾನು ಸರಿಯಾಗಿ ನೋಡಲಿಲ್ಲ." ಕೊನೆಯ ಮಾತಿಗೆ ಅಳು ನುಗ್ಗಿ ಇಂಗ್ಲಿಷ್ ತಪ್ಪಿಹೋಗಿ, ಕನ್ನಡದಲ್ಲೇ ಏನೇನೋ ಹೇಳಿದಳು.

ಎನಿಡ್ ನಿಧಾನವಾಗಿ ಇತ್ತ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಈ ಹೆಂಗಸು ಸುಳ್ಳು ಹೇಳುತ್ತಿಲ್ಲ," ಎಂದಳು ನರ್ಸಿಗೆ. ಆಮೇಲೆ, "ಅವನನ್ನು ತೋರಿಸಿ."

ಉಳಿದ ಎರಡು ನಿಮಿಷ ಅಕ್ಕ ತಮ್ಮ ಹೆಚ್ಚೇನೂ ಆಡಲಿಲ್ಲ. ಎಷ್ಟು ಸೊರಗಿದ್ದೀಯ, ಊಟ ಮಾಡುತ್ತೀಯೋ ಇಲ್ಲವೋ ಎಂದು ಅವಳು ಗದರಿದಳು. ಅವನು ಚಿಕ್ಕ ಹುಡುಗನಂತೆ ತಲೆಯಾಡಿಸುತ್ತಲೇ ಇದ್ದ. ಜಲಜಾ ಫೋನ್ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಆನಿಸಿಕೊಂಡು ನಿಂತಿದ್ದಳು.

ವಾಪಸ್ ಬಂದಮೇಲೆ ಅವಳು ಅವನಿಗೊಂದು ಟ್ಯಾಬ್ಲೆಟ್ ಕಳಿಸಿಕೊಟ್ಟು, ಬಳಸುವುದನ್ನು ಫೋನಿನಲ್ಲೇ ಕಲಿಸಿದಳು. ಭಾನುವಾರಗಳಂದು ಅಕ್ಕ ತಮ್ಮ ಮಾತಾಡತೊಡಗಿದರು. ಸೆಪ್ಟೆಂಬರಿನಲ್ಲಿ ಎನಿಡ್ ನಿದ್ದೆಯಲ್ಲೇ ತೀರಿಕೊಂಡಳು. ಸುದ್ದಿ ತಿಳಿಸಲು ಲಯನಲ್ ಕರೆ ಮಾಡಿದಾಗ ಜಲಜಾ ಎಷ್ಟೋ ತಿಂಗಳಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಕೇಳಿದಳು: ಅವರು ನನ್ನನ್ನು ಕ್ಷಮಿಸಿದ್ದರೇ?

"ಅವಳು ಆ ಮಾತನ್ನೇ ಎತ್ತಲಿಲ್ಲ," ಎಂದ ಲಯನಲ್. "ಆದರೆ ಹದಿನೆಂಟು ದಿನ ಅವಳು ಒಬ್ಬಳೇ ಅತ್ತದ್ದು ನಿಜ. ಅದನ್ನು ಇಲ್ಲವೆನ್ನಲು ನನ್ನಿಂದಾಗದು." ಆಮೇಲೆ, ನವೆಂಬರಿನಲ್ಲಿ ಎಲೆಗಳು ಕೆಂಪಾಗುತ್ತವೆ, ಮಗಳನ್ನೂ ಕರೆದುಕೊಂಡು ಬನ್ನಿ ಎಂದ.

ಅಂದು ಜಲಜಾ ನಡೆದದ್ದನ್ನೆಲ್ಲ ಮೊದಲ ಸಲ ಸಂಜನಾಗೆ ಹೇಳಿದಳು. ನವೆಂಬರಿನಲ್ಲಿ ತಾಯಿ ಮಗಳಿಬ್ಬರೂ ಕ್ಯೋಟೋಗೆ ಹೋದರು. ಮುದುಕ ಸಂಜನಾಳ ಕೈಗೆ ಉಳಿ ಕೊಟ್ಟು, ಮರದ ಹಲಗೆಯ ಮೇಲೆ ಎಲೆಯೊಂದನ್ನು ಕೊರೆಯಲು ಹೇಳಿಕೊಟ್ಟ.