ಮಾವನ ಹೊಟ್ಟೆ, ನನ್ನ ಕೊನೆಯ ವರ್ಷ

ಇದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಎರಡನೆಯವಳು ಅವನ ಹೆಂಡತಿ, ನಮ್ಮತ್ತೆ. ಅವಳು ಸ್ವಂತವಾಗಿ ಏನನ್ನೂ ಹೇಳುವವಳಲ್ಲ. ಮಾವ ಹೇಳಿದ್ದಕ್ಕೆ ಒಂದಿಷ್ಟು ಖಾರ ಹಾಕಿ ಬಡಿಸುವವಳು. ನರ್ಸಿಂಗ್ ಡಿಗ್ರಿಗೆ ಸೀಟು ಸಿಕ್ಕಿತೆಂದು ನಾನು ಅಮರಾಪುರದಲ್ಲಿ ಬಸ್ಸಿಳಿದು ಊರಿಗೆ ಓಡಿಬಂದಾಗ ಮಾವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಕಂಡೋರ ಹೇಲು ಬಾಚಾಕೆ ನಾಲ್ಕು ವರ್ಷ ಓದ್ಬೇಕಾ? ನಿಮ್ಮತ್ತೆ ದಿನಾ ಕೊಟ್ಟಿಗೆ ಬಾಚ್ತಾಳೆ, ಅವಳು ಯಾವ ಕಾಲೇಜಿಗೆ ಹೋಗಿದ್ಲು?"

"ಸೆಗಣೀನಾದ್ರೂ ಗೊಬ್ಬರಕ್ಕಾಗ್ತದೆ" ಎಂದಳು ಅತ್ತೆ.

ಅಪ್ಪ ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಮಾವನ ಮಾತೇ. ಅಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ಅವಳು ಹಟ ಮಾಡಿದ್ದಕ್ಕೆ ಮಾವ ಒಪ್ಪಿದ. ಆದರೆ ಷರತ್ತು ಹಾಕಿದ: ನಾನು ಒಂದೇ ಒಂದು ವರ್ಷ ಫೇಲಾದರೂ ಓದು ನಿಲ್ಲಬೇಕು, ಅಮ್ಮನ ಪಕ್ಕದ ಮಶೀನಿಗೆ ಕೂರಬೇಕು. ಆ ಮಶೀನು ಆಗಲೇ ಖಾಲಿ ಇದೆ ಎಂಬಂತೆ ಅವನು ಮಾತನಾಡುತ್ತಿದ್ದ.

ಮಶೀನಿನ ಮುಂದೆ ಕೂತವರ ಗತಿ ನನಗೆ ಗೊತ್ತಿತ್ತು. ರಜೆಯಲ್ಲಿ ನಾನೂ ಅಲ್ಲಿ ಪ್ಯಾಂಟಿನ ದಾರ ಕತ್ತರಿಸಿದವಳೇ. ಹೊರಗೆ ಹೋಗಿಬರಲು ಸೂಪರ್‌ವೈಸರನ್ನು ಕೇಳಬೇಕಾಗುತ್ತದೆಂದು ಹೆಂಗಸರು ನೀರನ್ನೇ ಕುಡಿಯುತ್ತಿರಲಿಲ್ಲ. ಆಮೇಲೆ ಅವರೇ ಹೊಟ್ಟೆ ಹಿಡಿದುಕೊಂಡು ನಮ್ಮ ಕಾಲೇಜಿನ ಆಸ್ಪತ್ರೆಗೆ ಬರುತ್ತಿದ್ದರು. "ಹೊತ್ತಿಗೆ ಸರಿಯಾಗಿ ಊಟ ಮಾಡಿ, ಚೆನ್ನಾಗಿ ನೀರು ಕುಡೀರಿ" ಎಂದು ಡಾಕ್ಟರು ಬರೆದುಕೊಡುತ್ತಿದ್ದರು. ಅವರ ಹೊತ್ತು ಯಾರ ಕೈಯಲ್ಲಿದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮೂರು ವರ್ಷ ಹೇಗೋ ದಾಟಿದೆ. ವಾಂತಿಯನ್ನು ಅಳೆಯುವುದು, ಮಲದ ಬಣ್ಣ ನೋಡಿ ಕರುಳಿನ ಸ್ಥಿತಿ ಊಹಿಸುವುದು, ಮೂಗಿನೊಳಗಿಂದ ಹೊಟ್ಟೆಗೆ ನಳಿಗೆ ಇಳಿಸುವುದು, ಎಲ್ಲ ಕಲಿತೆ. ಊರಿಗೆ ಹೋದರೆ ನನ್ನನ್ನು ಕಂಡು ಮೂಗು ಮುಚ್ಚಿಕೊಳ್ಳುವ ಮರ್ಯಾದಸ್ಥರಿದ್ದರು. ಅದೇ ಮರ್ಯಾದಸ್ಥರು ಸಂಜೆ ಹುಣಸೆಮರದ ಹಿಂದಕ್ಕೆ ಕರೆದು ತಮ್ಮ ಮೂಲವ್ಯಾಧಿಯ ಚರಿತ್ರೆಯನ್ನು ಹುಟ್ಟಿದ ದಿನದಿಂದ ಹೇಳುತ್ತಿದ್ದರು.

ಕೊನೆಯ ವರ್ಷ ನನ್ನನ್ನು ಹೊಟ್ಟೆ ಆಪರೇಷನ್ ಆದವರ ವಾರ್ಡಿಗೆ ಹಾಕಿದರು. ಒಬ್ಬ ರೋಗಿಯನ್ನು ಆಪರೇಷನ್ ಆದ ದಿನದಿಂದ ಮನೆಗೆ ಹೋಗುವ ತನಕ ನೋಡಿಕೊಂಡು, ಬರೆದು, ಟೀಚರುಗಳ ಮುಂದೆ ಹೇಳಬೇಕು. ಆ ಕೇಸು ಅರ್ಧಕ್ಕೆ ನಿಂತರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ನನ್ನ ಪಾಲಿಗೆ ಆರನೇ ಬೆಡ್ಡು ಬಂತು. ಅದರ ಮೇಲೆ, ಕರುಳು ತಿರುಚಿಕೊಂಡು, ಅಷ್ಟುದ್ದ ಕತ್ತರಿಸಿ ಜೋಡಿಸಿಕೊಂಡು, ನಮ್ಮ ಮಾವನೇ ಬಂದು ಮಲಗಿದ್ದ.

ವಾರ್ಡಿನ ಹಿರಿಯ ಸಿಸ್ಟರು ರಾಯದುರ್ಗದ ಕಡೆಯವರು, ಬೈಯುವಾಗಲೂ 'ರಿ' ಹಚ್ಚಿಯೇ ಬೈಯುವವರು. ಅವರ ಹತ್ತಿರ ಹೋಗಿ, "ಸಿಸ್ಟರ್, ಅವರು ನಮ್ಮ ಸೋದರಮಾವ" ಎಂದೆ.

"ಮಾವ ಆದ್ರ ಏನಾತು? ಕರುಳಿಗೆ ನೆಂಟಸ್ತನ ಗೊತ್ತಾಗಲ್ರಿ. ಕೆಲ್ಸ ನೋಡ್ರಿ."

ಕರುಳನ್ನು ಜೋಡಿಸಿದ ಮೇಲೆ ಅದು ಮತ್ತೆ ಅಲುಗಾಡಲು ಶುರುವಾಗುವ ತನಕ ಬಾಯಿಗೆ ಒಂದು ತೊಟ್ಟೂ ಹಾಕುವಂತಿಲ್ಲ. ಶುರುವಾಯಿತೆಂದು ತಿಳಿಯಲು ಎರಡು ಗುರುತುಗಳಿವೆ. ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟರೆ ಗುಳುಗುಳು ಸದ್ದು ಕೇಳಬೇಕು. ರೋಗಿ ಗಾಳಿ ಬಿಡಬೇಕು. ಹಾಗಾಗಿ ನರ್ಸು ಬೆಳಿಗ್ಗೆ ಸಂಜೆ ಒಂದೇ ಪ್ರಶ್ನೆ ಕೇಳಬೇಕು: ಗಾಳಿ ಹೋಯಿತಾ?

ಊರಲ್ಲಿ ನಾಲ್ಕು ಜನರ ನ್ಯಾಯ ತೀರ್ಮಾನಿಸುವ ಮನುಷ್ಯನನ್ನು, ಅವನ ಹೆಂಡತಿಯ ಎದುರಿಗೆ, ಅವನ ತಂಗಿಯ ಮಗಳು ಇದನ್ನು ಕೇಳಬೇಕು. ಮೊದಲ ದಿನ ಮಾವ ಗೋಡೆಯ ಕಡೆಗೆ ತಿರುಗಿಕೊಂಡ. ಎರಡನೆಯ ದಿನ "ಹೋಗ್ ಹೋಗ್, ನಾಚ್ಕೆಗೆಟ್ಟವಳೆ" ಎಂದ.

ಮೂರನೆಯ ದಿನ ಅತ್ತೆ ಸ್ಟೀಲ್ ಕ್ಯಾನಿನಲ್ಲಿ ರಾಗಿ ಅಂಬಲಿ ತಂದಳು. ಬಾಟಲಿಯಿಂದ ಇಳಿಯುವುದು ನಮ್ಮ ಕಡೆಯವರಿಗೆ ಬರೀ ನೀರು. ಮೂರು ದಿನ ಮುದ್ದೆ ಕಾಣದ ಗಂಡಸು ಬದುಕಿದ್ದಾನೆಂದು ಅವರು ಒಪ್ಪುವುದಿಲ್ಲ. ಗಾಳಿ ಹೋಯಿತೆಂದರೆ ಊಟ ಕೊಡುತ್ತಾರೆಂಬ ಗುಟ್ಟನ್ನು ಪಕ್ಕದ ಬೆಡ್ಡಿನವರು ಅವಳ ಕಿವಿಗೆ ಹಾಕಿದ್ದರು. ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದು ಕೇಳಿದರು. ಮಾವ ಪಂಚಾಯಿತಿಯ ಗತ್ತಿನಲ್ಲಿ, "ಹೋಯ್ತು ಸ್ವಾಮಿ, ಎರಡು ಸಲ" ಎಂದ.

"ಮೂರು" ಎಂದಳು ಅತ್ತೆ.

ಡಾಕ್ಟರು ನೀರು, ಗಂಜಿ ಬರೆಯಲು ಪೆನ್ನು ತೆಗೆದರು. ಅರ್ಧ ಗಂಟೆ ಮೊದಲು ನಾನು ಆ ಹೊಟ್ಟೆಗೆ ಕಿವಿ ಕೊಟ್ಟಿದ್ದೆ. ಒಂದು ಸದ್ದೂ ಇರಲಿಲ್ಲ. "ಸರ್, ಸದ್ದಿಲ್ಲ. ಗಾಳಿ ಹೋಗಿರೋದು ಅನುಮಾನ" ಎಂದೆ. ಸಿಸ್ಟರು ಕೈಗಡಿಯಾರ ನೋಡುತ್ತ ತಾವೇ ಹೊಟ್ಟೆಯ ನಾಲ್ಕೂ ಕಡೆ ಕೇಳಿಸಿಕೊಂಡು ಸದ್ದಿಲ್ಲವೆಂದು ತಲೆಯಾಡಿಸಿದರು. ಡಾಕ್ಟರು ಪೆನ್ನನ್ನು ಜೇಬಿಗಿಟ್ಟರು.

ಅವರು ಆ ಕಡೆ ಹೋದದ್ದೇ ತಡ, ಮಾವ ಬಾಯಿ ತೆಗೆದ. "ನನ್ನೇ ಸುಳ್ಳುಗಾರ ಅಂದ್ಳು! ಸಿಸ್ಟರಮ್ಮ, ಈ ಹುಡ್ಗಿ ನಂಗೆ ಬ್ಯಾಡ. ಬ್ಯಾರೆಯೋರ್ನ ಹಾಕಿ."

ಸಿಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಪೇಷಂಟು ಬ್ಯಾಡ ಅಂದ್ರ ನಾನು ಬದ್ಲಿ ಮಾಡ್ಬೇಕಾಗ್ತೈತ್ರಿ. ಸಂಜಿ ತನಕ ಅವರನ್ನ ಒಪ್ಪಿಸಿ ನೋಡ್ರಿ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ಕೇಸು ಹೋದರೆ ಪರೀಕ್ಷೆ ಹೋಯಿತು, ಪರೀಕ್ಷೆ ಹೋದರೆ ವರ್ಷ ಹೋಯಿತು. ರೋಗಿಗೆ ತಿಳಿಹೇಳುವ ಬಗೆಯೆಂದು ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು. ಅದನ್ನು ಬರೆದವರು ನಮ್ಮ ಮಾವನನ್ನು ನೋಡಿರಲಿಲ್ಲ. ನಾನು ಸ್ಟೂಲು ಎಳೆದು ಕೂತೆ.

"ಮಾವ, ಹಸಿ ಕಳ್ಳೆಕಾಯಿ ಬಳ್ಳಿ ಮೇದು ಟಗರು ಹೊಟ್ಟೆ ಉಬ್ಬರಿಸ್ಕೊಂಡ್ರೆ ಏನ್ ಮಾಡ್ತೀಯ?"

ಕುರಿ ಸಾಕಿಕೊಂಡೇ ಬದುಕಿದ ಅವನಿಗೆ ಕುರಿಯ ಮಾತು ಬಂದರೆ ಸುಮ್ಮನಿರಲು ಬಾರದು. ಗೋಡೆ ನೋಡುತ್ತಲೇ ಹೇಳಿದ: "ಎಡಗಡೆ ಪಕ್ಕೆ ಬಡಿದು ನೋಡ್ತೀನಿ. ತಮಟೆ ಬಡಿದಂಗೆ ಸದ್ದು ಬಂದ್ರೆ ಎಣ್ಣೆ ಕುಡಿಸಿ ಕಟ್ಟಾಕ್ತೀನಿ. ಮೇಯಾಕೆ ಬಿಡಲ್ಲ."

"ಯಾವಾಗ ಬಿಡ್ತೀಯ?"

"ಗಾಳಿ ಬಿಟ್ಟ ಮ್ಯಾಲೆ."

"ಟಗರೇ ಬಂದು 'ಎರಡು ಸಲ ಹೋಯ್ತು ಸ್ವಾಮಿ' ಅಂತ ಹೇಳ್ತದಾ?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಸ್ಟೆತಸ್ಕೋಪನ್ನು ಮಾವನ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅತ್ತೆಯ ಹೊಟ್ಟೆಯ ಮೇಲಿಟ್ಟೆ. ಅವಳು ಆಗತಾನೆ ಇಡ್ಲಿ ತಿಂದು ಬಂದಿದ್ದಳು. ಮಾವ ಬೆಚ್ಚಿದ. "ಏನೇ ಇದು, ಒಳಗೆ ಗಿರಣಿ ಆಡಿಸ್ತಿದ್ದೀಯಾ?" ಎಂದ. ಆಮೇಲೆ ಅದನ್ನು ಅವನ ಹೊಟ್ಟೆಯ ಮೇಲಿಟ್ಟೆ. ಅವನು ಕಣ್ಣು ಮುಚ್ಚಿದ. ತುಂಬಾ ಹೊತ್ತು ಕೇಳಿದ. ಕುರಿಯ ಪಕ್ಕೆಗೆ ಕಿವಿ ಕೊಟ್ಟೇ ಮುದುಕನಾದವನು. ಸುಳ್ಳು ಹೇಳಿದರೂ ಸದ್ದು ತಿಳಿಯದವನಲ್ಲ.

"ಸತ್ತಂಗೈತೆ" ಎಂದ. ಅವನ ದನಿಯಲ್ಲಿ ಹೆದರಿಕೆಯನ್ನು ನಾನು ಕೇಳಿದ್ದು ಅದೇ ಮೊದಲು.

"ಸತ್ತಿಲ್ಲ ಮಾವ, ಮಲಗೈತೆ. ಎದ್ದ ಮೇಲೆ ಅಂಬಲಿ."

ಮಾವ ಹೆಂಡತಿಯ ಕಡೆ ತಿರುಗಿದ. "ನಿಂತ್ಕೊಂಡು ಏನ್ ನೋಡ್ತೀಯ? ಆ ಕ್ಯಾನು ಆಚೆ ತಗೊಂಡು ಹೋಗು. ನನ್ನ ಸಾಯಿಸ್ಬೇಕು ಅಂತ ಇದ್ದೀಯಾ?"

ಬೇರೆಯವರನ್ನು ಹಾಕಿ ಎಂಬ ಮಾತು ಮತ್ತೆ ಬರಲಿಲ್ಲ. ಕ್ಷಮೆ ಗಿಮೆ ಕೇಳಿದನೆಂದು ಯಾರೂ ತಿಳಿಯಬಾರದು. ನಮ್ಮ ಮನೆಯ ಗಂಡಸರಿಗೆ ಆ ಅಭ್ಯಾಸವಿಲ್ಲ. ಐದನೆಯ ದಿನ, ನೆಂಟರಿಷ್ಟರು ಬರುವ ಹೊತ್ತು, ಇಡೀ ವಾರ್ಡು ತಿರುಗಿ ನೋಡುವಂಥ ಸದ್ದೊಂದು ಆರನೇ ಬೆಡ್ಡಿನಿಂದ ಬಂತು. ಅದರ ಹಿಂದೆಯೇ ಗೋಡೆ ಗಡಿಯಾರ ನೋಡಿ ಮಾವ ನನ್ನನ್ನು ಕೂಗಿದ: "ಅಮ್ಮಣ್ಣೀ, ಬಾ! ನಾಲ್ಕೂ ಹತ್ತು! ಬರ್ಕೋ!"

"ಡಂಗೂರ ಹೊಡದಂಗ ಕೂಗ್ತಾರಲ್ರೀ ನಿಮ್ಮ ಮಾವ" ಎಂದರು ಸಿಸ್ಟರು. ಸ್ಟೆತಸ್ಕೋಪಿಟ್ಟು ನೋಡಿ, ಸದ್ದು ಇದೆಯೆಂದು ಖಾತ್ರಿ ಮಾಡಿಕೊಂಡು ಬರೆದೆ. ಅಷ್ಟು ಸಂತೋಷದಿಂದ ನಾನು ಬೇರೇನನ್ನೂ ಬರೆದಿಲ್ಲ.

ಕೇಸು ಒಪ್ಪಿಸುವಾಗ, ಹಟಮಾರಿ ರೋಗಿಯನ್ನು ಹೇಗೆ ಒಪ್ಪಿಸಿದೆಯೆಂದು ಟೀಚರೊಬ್ಬರು ಕೇಳಿದರು. "ಪೇಷಂಟ್ ಎಜುಕೇಶನ್, ಮೇಡಂ" ಎಂದೆ. ಟಗರಿನ ವಿಷಯ ಎತ್ತಲಿಲ್ಲ, ಮಾರ್ಕು ಕಡಿಮೆಯಾದೀತು. ಪರೀಕ್ಷೆ ಬರೆದೆ, ಪಾಸಾದೆ.

ಸರ್ಟಿಫಿಕೇಟು ಕೊಡುವ ದಿನ ಅಮ್ಮ ರಾಯದುರ್ಗದಿಂದ ಬಂದಿದ್ದಳು, ತಲೆಗೂದಲಿನಲ್ಲಿ ಇನ್ನೂ ನೀಲಿ ನೂಲಿನ ಎಳೆಗಳು. ಮಾವ, ಅತ್ತೆ ಅಮರಾಪುರದಿಂದ ಬಸ್ಸು ಹತ್ತಿ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತು, ಅಲ್ಲಿಂದ ಎರಡು ಸಲ ಎಬ್ಬಿಸಿಕೊಂಡಿದ್ದರು. ವೇದಿಕೆಯ ಮೇಲೆ ಸರ್ಟಿಫಿಕೇಟು ನನ್ನ ಕೈಗೆ ಬಂತು. ಕೆಳಗಿಳಿದು ಅಮ್ಮನ ಕೈಗೆ ಕೊಟ್ಟೆ. ಅವಳು ಅದನ್ನು ಎದೆಗೊತ್ತಿಕೊಂಡಳು. ಮಾವ ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಬಾರದ ಇಂಗ್ಲಿಷನ್ನು ಮೇಲಿಂದ ಕೆಳಗಿನ ತನಕ ನಿಧಾನವಾಗಿ ನೋಡಿ, ನನಗೆ ಹಿಂತಿರುಗಿಸಿದ.

"ನಮ್ಮೂರಾಗೆ ಮೂರು ಜನ ಹೊಟ್ಟೆನೋವು ಅಂತಾವ್ರೆ. ಸೋಮವಾರದ ಬಸ್ಸಿಗೆ ಕಳಿಸ್ತೀನಿ, ನೀನೇ ನೋಡು. ಬಾಯಲ್ಲಿ ಏನಂದ್ರೂ ನಂಬಬ್ಯಾಡ ಕಣಮ್ಮ, ಮೂವರೂ ಸುಳ್ಳುಗಾರರು. ಹೊಟ್ಟೇನೇ ಕೇಳು."